ನಮ್ಮದೇ ರಕ್ತದ ಕಣಗಳು ಕ್ಯಾನ್ಸರ್ ಅನ್ನು ಮೊದಲೇ ಯಾಕೆ ಕೊಲ್ಲಲಿಲ್ಲ?

ಅಪ್ಪನಿಗೆ ಲಿಂಫೋಮಾ (ಬಿಳಿ ರಕ್ತಕಣಗಳ ಒಂದು ಬಗೆಯ ಕ್ಯಾನ್ಸರ್), ಕೀಮೋ ಆದಮೇಲೂ ಮತ್ತೆ ಬಂದಿದೆ, ಈಗ ಡಾಕ್ಟರು ಕಾರ್-ಟಿ ಮಾಡೋಣ ಅಂದಿದ್ದಾರೆ ಎಂದು ಬರೆದಿದ್ದೀರಿ. ಅವರದೇ ಕಣ ತೆಗೆದು ಅವರಿಗೇ ವಾಪಸ್ ಕೊಡುವುದಾದರೆ, ಆ ಕಣಗಳು ಇಷ್ಟು ದಿನ ಒಳಗಿದ್ದುಕೊಂಡು ಏನು ಮಾಡುತ್ತಿದ್ದವು ಅನ್ನುವುದು ನಿಮ್ಮ ಪ್ರಶ್ನೆ. ನಾನು ಈ ಚಿಕಿತ್ಸೆ ಕೊಡುವ ವಾರ್ಡಿನಲ್ಲಿ ನರ್ಸ್. ಎಷ್ಟೋ ಮನೆಯವರು ಇದನ್ನೇ ಕೇಳುತ್ತಾರೆ.

ಅವು ಸುಮ್ನೆ ಕೂತಿರಲಿಲ್ಲ. ಅವಕ್ಕೆ ಗುರುತು ಸಿಗುತ್ತಿರಲಿಲ್ಲ, ಅಷ್ಟೇ. ಟಿ ಕಣ ಅನ್ನುವುದು ಒಂದು ಬಗೆಯ ಬಿಳಿ ರಕ್ತಕಣ. ಅದು ಮೈಯೆಲ್ಲಾ ಸುತ್ತುತ್ತಾ ಒಂದೊಂದೇ ಜೀವಕೋಶವನ್ನು ಮುಟ್ಟಿ ನೋಡುತ್ತದೆ. ಬಹುತೇಕ ಪ್ರತಿ ಜೀವಕೋಶವೂ ತನ್ನೊಳಗಿನ ಪ್ರೋಟೀನ್ ಚೂರುಗಳನ್ನು ಹೊರಮೈ ಮೇಲೆ ಎತ್ತಿ ತೋರಿಸಬೇಕು. ಅದರಲ್ಲಿ ವೈರಸ್ಸಿನ ಚೂರು ಕಂಡರೆ ಟಿ ಕಣ ಅದನ್ನು ಅಲ್ಲೇ ಮುಗಿಸುತ್ತದೆ. ಆದರೆ ಕ್ಯಾನ್ಸರ್ ಹುಟ್ಟುವುದೇ ನಮ್ಮ ಜೀವಕೋಶದಿಂದ. ಅದು ತೋರಿಸುವ ಚೂರುಗಳೂ ಹೆಚ್ಚುಕಮ್ಮಿ ನಮ್ಮವೇ. ಕೆಲವು ಕ್ಯಾನ್ಸರ್ ಕೋಶಗಳಂತೂ ತೋರಿಸುವುದನ್ನೇ ನಿಲ್ಲಿಸಿಬಿಡುತ್ತವೆ. ಕೊಲ್ಲುವ ಶಕ್ತಿ ಇದ್ದೂ ಯಾರನ್ನು ಕೊಲ್ಲಬೇಕು ಅಂತ ಗೊತ್ತಾಗದ ಸ್ಥಿತಿ ಅದು.

1989ರಲ್ಲಿ ಇಸ್ರೇಲಿನ ಜೆಲಿಗ್ ಎಶ್ಹಾರ್ ಮತ್ತು ಜೊತೆಗಾರರು ಒಂದು ದಾರಿ ತೋರಿಸಿದರು. ಆಂಟಿಬಾಡಿ, ಅಂದರೆ ರೋಗಾಣುವಿಗೆ ಅಂಟಿಕೊಳ್ಳುವ ರಕ್ತದ ಪ್ರೋಟೀನ್, ಅದರ ಗುರುತು ಹಿಡಿಯುವ ತುದಿಯನ್ನು ಟಿ ಕಣದ ಕೊಲ್ಲುವ ಯಂತ್ರಕ್ಕೆ ಜೋಡಿಸಿದರು. ಈ ಹೊಸ ಕೊಂಡಿಯ ಹೆಸರೇ ಕಾರ್, ಅದನ್ನು ಹೊತ್ತ ಟಿ ಕಣವೇ ಕಾರ್-ಟಿ. ಈ ಕೊಂಡಿಗೆ ಯಾರೂ ಚೂರು ಎತ್ತಿ ತೋರಿಸಬೇಕಾಗಿಲ್ಲ. ಕ್ಯಾನ್ಸರ್ ಕೋಶದ ಮೈಮೇಲಿರುವ ಪ್ರೋಟೀನಿಗೇ ಅದು ನೇರವಾಗಿ ಕಚ್ಚಿಕೊಳ್ಳುತ್ತದೆ. ಲಿಂಫೋಮಾ ಹೆಚ್ಚಾಗಿ ಹುಟ್ಟುವುದು ಬಿ ಕಣದಿಂದ, ಅಂದರೆ ಆಂಟಿಬಾಡಿ ತಯಾರಿಸುವ ಬಿಳಿಕಣದಿಂದ. ಅದಕ್ಕೇ ಸಾಮಾನ್ಯವಾಗಿ ಬಿ ಕಣದ ಮೈಮೇಲಿರುವ ಸಿಡಿ19 ಅನ್ನುವ ಪ್ರೋಟೀನನ್ನು ಗುರಿ ಮಾಡುತ್ತಾರೆ.

ನಡೆಯುವ ರೀತಿ ನೋಡಿದರೆ ನಿಮಗೆ ಆಶ್ಚರ್ಯವಾಗಬಹುದು. ಅಪ್ಪನ ರಕ್ತ ಯಂತ್ರದೊಳಗೆ ಹೋಗಿ ಬಿಳಿಕಣ ಬಿಟ್ಟು ವಾಪಸ್ ಬರುತ್ತದೆ. ಇದಕ್ಕೆ ಕೆಲವು ಗಂಟೆ ಬೇಕು. ಲ್ಯಾಬಿನಲ್ಲಿ, ರೋಗ ತರದಂತೆ ಮಾಡಿದ ವೈರಸ್ಸಿನ ಮೂಲಕ ಕೊಂಡಿಯ ಜೀನ್ ಅನ್ನು ಆ ಕಣಗಳೊಳಗೆ ಸೇರಿಸಿ ಬೆಳೆಸುತ್ತಾರೆ. ಅದಕ್ಕೆ ಕೆಲವು ವಾರ ಹಿಡಿಯುತ್ತದೆ. ನಂತರ ಹೊಸ ಕಣಗಳಿಗೆ ಜಾಗ ಮಾಡಿಕೊಡಲು ಕೆಲವು ದಿನ ಕೀಮೋ ಕೊಡುತ್ತಾರೆ. ಕೊನೆಗೆ ಬರುವುದು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಚೀಲ. ಒಂದು ಬಗೆಯ ಕಾರ್-ಟಿಯಲ್ಲಿ ದೇಹದ ತೂಕದ ಪ್ರತಿ ಕಿಲೋಗೆ 20 ಲಕ್ಷ ಕಣದ ಲೆಕ್ಕ. ಅರ್ಧ ಗಂಟೆಯೊಳಗೆ ಮುಗಿದುಹೋಗುತ್ತದೆ. ಕಣಗಳನ್ನು ಹೆಪ್ಪುಗಟ್ಟಿಸಿಡಲು ಹಾಕಿದ ದ್ರಾವಣದಿಂದ ಕೋಣೆಯಲ್ಲಿ ಬೆಳ್ಳುಳ್ಳಿ ಥರದ ವಾಸನೆ ಬರುತ್ತದೆ. "ಇಷ್ಟೇನಾ?" ಅಂತ ಮನೆಯವರು ನನ್ನ ಮುಖ ನೋಡುತ್ತಾರೆ.

ಇಷ್ಟೇ ಅಲ್ಲ. ನಮ್ಮ ಕೆಲಸ ಶುರುವಾಗುವುದೇ ಆಮೇಲೆ. ಆ ಕಣಗಳು ಒಳಗೆ ಹೋಗಿ ಎಷ್ಟೋ ಪಟ್ಟು ಹೆಚ್ಚುತ್ತವೆ. ಕ್ಯಾನ್ಸರ್ ಸಿಕ್ಕರೆ ಜೋರಾಗಿ ಕಾದಾಡುತ್ತವೆ. ಆಗ ಜ್ವರ ಬರುತ್ತದೆ, ಬಿಪಿ ಇಳಿಯಬಹುದು. 2012ರಲ್ಲಿ ಫಿಲಡೆಲ್ಫಿಯಾದಲ್ಲಿ ಈ ಚಿಕಿತ್ಸೆ ಪಡೆದ ಮೊದಲ ಮಗು ಎಮಿಲಿ ವೈಟ್‌ಹೆಡ್ ವೆಂಟಿಲೇಟರ್ ಮೇಲಿದ್ದಳು. ರಕ್ತದಲ್ಲಿ ಉರಿಯೂತ ಹೆಚ್ಚಿಸುವ ಐಎಲ್-6 ಅನ್ನುವ ಅಂಶ ವಿಪರೀತ ಏರಿತ್ತು. ಅದನ್ನು ತಡೆಯುವ ಸಂಧಿವಾತದ ಔಷಧ ಟೋಸಿಲಿಝುಮ್ಯಾಬ್, ಈ ಚಿಕಿತ್ಸೆ ರೂಪಿಸಿದ ತಂಡದ ಡಾಕ್ಟರ್ ಕಾರ್ಲ್ ಜೂನ್ ಅವರಿಗೆ ಗೊತ್ತಿತ್ತು, ಯಾಕೆಂದರೆ ಅವರ ಮಗಳಿಗೇ ಸಂಧಿವಾತ ಇತ್ತು. ಅದನ್ನು ಕೊಟ್ಟರು. ಎಮಿಲಿ ತನ್ನ 7ನೇ ಹುಟ್ಟುಹಬ್ಬದಂದು ಕಣ್ಣು ಬಿಟ್ಟಳು. ಇವತ್ತು ಆ ಔಷಧ ಸಿದ್ಧ ಇಟ್ಟುಕೊಳ್ಳದೆ ನಾವು ಚೀಲ ಏರಿಸುವುದೇ ಇಲ್ಲ.

ನಿರೀಕ್ಷೆ ಎಷ್ಟಿಟ್ಟುಕೊಳ್ಳಬೇಕು ಅಂತಲೂ ಕೇಳಿದ್ದೀರಿ. ಕೀಮೋಗೆ ಬಗ್ಗದ ದೊಡ್ಡ ಬಿ-ಕಣದ ಲಿಂಫೋಮಾ ಇದ್ದ 101 ಮಂದಿಗೆ ಜುಮಾ-1 ಅಧ್ಯಯನದಲ್ಲಿ ಇದನ್ನು ಕೊಟ್ಟರು. ಅರ್ಧಕ್ಕಿಂತ ಜಾಸ್ತಿ ಜನರಲ್ಲಿ ಕ್ಯಾನ್ಸರಿನ ಸುಳಿವೇ ಉಳಿಯಲಿಲ್ಲ. 5 ವರ್ಷದ ನಂತರ ಸುಮಾರು ಶೇ 43 ಮಂದಿ ಬದುಕಿದ್ದರು. ಮೊದಲೆಲ್ಲಾ ಇಂಥ ಹಂತದಲ್ಲಿದ್ದವರ ಆಯಸ್ಸನ್ನು ತಿಂಗಳುಗಳಲ್ಲಿ ಎಣಿಸುತ್ತಿದ್ದರು. ನನ್ನ ಮಟ್ಟಿಗೆ ಇದು ದೊಡ್ಡ ಮಾತು. ಹಾಗಂತ ಎಲ್ಲರಿಗೂ ಫಲಿಸುವುದಿಲ್ಲ ಅನ್ನುವುದನ್ನೂ ನಿಮ್ಮಿಂದ ಮುಚ್ಚಿಡಲಾರೆ. ಕೆಲವರಲ್ಲಿ ಕ್ಯಾನ್ಸರ್ ಸಿಡಿ19 ಅನ್ನೇ ಕಳಚಿಹಾಕಿ ಮರಳಿ ಬರುತ್ತದೆ. ಆರೋಗ್ಯವಾಗಿರುವ ಬಿ ಕಣಗಳ ಮೇಲೂ ಅದೇ ಗುರುತು ಇರುವುದರಿಂದ ಅವೂ ಸಾಯುತ್ತವೆ. ಹಾಗಾಗಿ ತಿಂಗಳುಗಟ್ಟಲೆ ಸೋಂಕಿನ ಭಯ ಇರುತ್ತದೆ.

ಇನ್ನು ನೀವು ಮಾಡಬಹುದಾದ ಕೆಲಸ. ಈ ಕಣಗಳ ಗದ್ದಲ ಮಿದುಳಿಗೂ ತಟ್ಟಬಹುದು. ಅದಕ್ಕೇ ನಾವು ದಿನಾ ರೋಗಿಯಿಂದ ಒಂದು ವಾಕ್ಯ ಬರೆಸುತ್ತೇವೆ, ನೂರರಿಂದ ಹತ್ತು ಹತ್ತು ಕಳೆಯುತ್ತಾ ಎಣಿಸಲು ಹೇಳುತ್ತೇವೆ. ಒಬ್ಬರು "ಸಂಜೆ ಮಗಳು ಬರುತ್ತಾಳೆ" ಅಂತಲೇ ದಿನವೂ ಬರೆಯುತ್ತಿದ್ದರು. ಐದನೇ ದಿನ ಬೆಳಗ್ಗೆ ಅಕ್ಷರಗಳು ಗೆರೆ ಬಿಟ್ಟು ಕೆಳಗೆ ಜಾರಿದವು. ಮಧ್ಯಾಹ್ನದ ಹೊತ್ತಿಗೆ ಕೈಲಿದ್ದ ಪೆನ್ನಿನ ಹೆಸರೂ ನೆನಪಾಗಲಿಲ್ಲ. ಸ್ಟೀರಾಯ್ಡ್ ಕೊಟ್ಟೆವು. ಎರಡು ದಿನದ ಮೇಲೆ ವಾಕ್ಯ ಮತ್ತೆ ಗೆರೆಯ ಮೇಲೆ ಬಂತು. ಆ ಹಾಳೆ ನೋಡಿದಾಗ ನನ್ನ ಕಣ್ಣು ತುಂಬಿತ್ತು.

ನಾವು ದಿನಕ್ಕೆ ಕೆಲವು ಸಲ ಪರೀಕ್ಷಿಸುತ್ತೇವೆ. ಅಪ್ಪ ಮಾತಾಡುವ ಧಾಟಿ ನಿಮಗೆ ಹುಟ್ಟಿನಿಂದ ಗೊತ್ತು ಅಲ್ವಾ? ಉತ್ತರ ಕೊಡಲು ತಡವಾದರೆ, ಒಂದು ಪದಕ್ಕೆ ತಡಕಾಡಿದರೆ, ಎಂದಿನಂತಿಲ್ಲ ಅನ್ನಿಸಿದರೆ ಸಾಕು, ಬೆಲ್ ಒತ್ತಿ. ರಾತ್ರಿ ಎರಡು ಗಂಟೆಯಾದರೂ ಒತ್ತಿ. ನಾವು ಬರುತ್ತೇವೆ.