ಮಂಡ್ಯದ ಮರಳಗಾಲದಲ್ಲಿ ಲಿಥಿಯಂ ಕಲ್ಲು ಸಿಕ್ಕಿದೆ ಅಂತಾರೆ. ಅದನ್ನು ಅದಿರು ಅನ್ನಬಹುದಾ?

ಈಗಲೇ ಅನ್ನಲಾಗದು. ಅಗೆದು, ಬೇರ್ಪಡಿಸಿ, ಮಾರಿದರೆ ಲಾಭ ಉಳಿಯಬೇಕು. ಅಂಥ ಕಲ್ಲಷ್ಟೇ ಅದಿರು. ಪರಮಾಣು ಖನಿಜ ನಿರ್ದೇಶನಾಲಯ ಅಲ್ಲಿ ಅಂದಾಜಿಸಿರುವ 1,600 ಟನ್ ಲಿಥಿಯಂ ಪ್ರಾಥಮಿಕ ಹಂತದ ಲೆಕ್ಕ. ಗಣಿ ತೆರೆಯಲು ಅದು ಸಾಲದು.

ಅಲ್ಲಿನ ಲಿಥಿಯಂ ಇರುವುದು ಪೆಗ್ಮಟೈಟ್ ಶಿಲೆಯೊಳಗಿನ ಸ್ಪೋಡುಮೀನ್ ಎಂಬ ಖನಿಜದಲ್ಲಿ. ಶುದ್ಧ ಸ್ಪೋಡುಮೀನ್‌ನಲ್ಲೂ ಲಿಥಿಯಂ ಆಕ್ಸೈಡ್ ಸುಮಾರು 8% ಮಾತ್ರ. ಹಾಗಾಗಿ ಈ ಆಕ್ಸೈಡ್ 1.5% ಇರುವ ಕಲ್ಲೆಂದರೆ 100 ಕೆಜಿಗೆ 19 ಕೆಜಿಯಷ್ಟು ಸ್ಪೋಡುಮೀನ್, ಮಿಕ್ಕಿದ್ದು ಹೆಚ್ಚಾಗಿ ಫೆಲ್ಡ್‌ಸ್ಪಾರ್, ಬೆಣಚು, ಅಭ್ರಕ. ಬಿಳಿ ಫೆಲ್ಡ್‌ಸ್ಪಾರ್ ನೋಡಿ ಸ್ಪೋಡುಮೀನ್ ಅಂದುಕೊಂಡು ಮೋಸಹೋಗುವುದುಂಟು. ಎರಡೂ ಚಪ್ಪಟೆಯಾಗಿ ಸೀಳುತ್ತವೆ, ಆದರೆ ಅಷ್ಟೇ ಗಾತ್ರದ ಸ್ಪೋಡುಮೀನ್ ಕೈಗೆ ಭಾರ: ಸಾಂದ್ರತೆ 3.1ರ ಮೇಲೆ, ಫೆಲ್ಡ್‌ಸ್ಪಾರ್‌ದು 2.6ರ ಆಸುಪಾಸು. ಖಚಿತವಾಗಬೇಕಾದರೆ ಲ್ಯಾಬ್ ಪರೀಕ್ಷೆಯೇ ಗತಿ.

ದುಡ್ಡು ನುಂಗುವುದು ಮುಂದಿನ ಕೆಲಸ. ಸ್ಪೋಡುಮೀನ್ ಹಾಗೇ ಇದ್ದರೆ ಆಸಿಡ್‌ಗೆ ಜಗ್ಗುವುದಿಲ್ಲ. ಸುಮಾರು 1,050 ಡಿಗ್ರಿಗೆ ಕಾಯಿಸಿದರೆ ಅದರ ಹರಳಿನ ರಚನೆ ಸಡಿಲಾಗುತ್ತದೆ. ಆಮೇಲೆ ಗಂಧಕಾಮ್ಲ ಬೆರೆಸಿ 250 ಡಿಗ್ರಿಯಲ್ಲಿ ಹುರಿದು, ನೀರಿನಲ್ಲಿ ಲಿಥಿಯಂ ಸಲ್ಫೇಟ್ ಇಳಿಸಿಕೊಳ್ಳಬೇಕು. ಲಿಥಿಯಂ ಬೆಲೆ ಕುಸಿದರೆ ಇಷ್ಟೆಲ್ಲ ಮಾಡಿದ ಖರ್ಚೂ ಹುಟ್ಟುವುದಿಲ್ಲ, ನಿನ್ನೆಯ ಅದಿರು ಇವತ್ತು ಬರೀ ಕಲ್ಲು.