ಎರಡು ಪೂರ್ವ ದಿಕ್ಕುಗಳ ‘ನ್ಯೂಸ್’

ಪ್ರಿಯರೇ,

ದಿನಬಳಕೆಯ ಇಂಗ್ಲಿಷ್ ಪದಗಳ ಹುಟ್ಟಿನ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ತಿಳಿಯಾಗಿದೆ, ಕಾಗುಣಿತದ ತಪ್ಪಿಲ್ಲ. ಇನ್ನು ಜಗಳಕ್ಕೆ ಬರುತ್ತೇನೆ.

‘ಉತ್ತರ, ಪೂರ್ವ, ಪಶ್ಚಿಮ, ದಕ್ಷಿಣಗಳ ಇಂಗ್ಲಿಷ್ ಮೊದಲಕ್ಷರಗಳು ಸೇರಿ ನ್ಯೂಸ್ ಆಯಿತು ಎನ್ನಲಾಗಿದೆ’ ಎಂದು ಬರೆದಿದ್ದೀರಿ. ಅಂದವರು ಯಾರು? ಹೊಸದು ಎಂಬರ್ಥದ ‘ನ್ಯೂ’ಗೆ ಬಹುವಚನದ ‘ಎಸ್’ ಹತ್ತಿ ಆದ ಪದ ಅದು. ಸುದ್ದಿಗೆ ಫ್ರೆಂಚರು ಬಳಸುವ ‘ನೂವೆಲ್’ ಮಾದರಿಯಾಗಿ ಎದುರಿಗಿತ್ತು. ಹಳೆಯ ಇಂಗ್ಲಿಷ್ ಮುದ್ರಣಗಳಲ್ಲಿ ‘ಡಬ್ಲ್ಯು’ ಆದ ಮೇಲೆ ಇನ್ನೊಂದು ‘ಇ’ಯನ್ನೂ ಸೇರಿಸಿ ಬರೆಯುತ್ತಿದ್ದರು. ನಿಮ್ಮ ಲೆಕ್ಕ ಹಿಡಿದರೆ ಆ ಕಾಲದವರಿಗೆ ಎರಡು ಪೂರ್ವ ದಿಕ್ಕುಗಳು!

ಮುಂದಿನ ವಾಕ್ಯ ಇನ್ನೂ ಕೆರಳಿಸಿತು. ‘ಟು ಇನ್ಶೂರ್ ಪ್ರಾಂಪ್ಟ್‌ನೆಸ್’ (ಬೇಗ ಸೇವೆ ಸಿಗಲೆಂದು) ಎಂಬುದರ ಹ್ರಸ್ವರೂಪವೇ ಮಾಣಿಗೆ ಕೊಡುವ ‘ಟಿಪ್’ ಅಂತೆ. 17ನೇ ಶತಮಾನದ ಇಂಗ್ಲೆಂಡಿನ ಕಳ್ಳಕಾಕರ ಗುಪ್ತಭಾಷೆಯಲ್ಲಿ ‘ಟಿಪ್’ ಅಂದರೆ ಕೈಗೆ ದಾಟಿಸು ಎಂದರ್ಥ. ಮೊದಲಕ್ಷರ ಜೋಡಿಸಿ ಪದ ಕಟ್ಟುವ ಚಾಳಿ ಇಂಗ್ಲಿಷಿನಲ್ಲಿ ಹಬ್ಬಿದ್ದು 20ನೇ ಶತಮಾನದಲ್ಲಿ, ‘ರಾಡಾರ್’ ಅಂಥದ್ದು. ಅದಕ್ಕೂ ಹಿಂದಿನ ಪದಕ್ಕೆ ಯಾರಾದರೂ ಇಂಥ ಜಾತಕ ಬರೆದರೆ ಮೊದಲು ಅನುಮಾನಪಡಿ.

ನಾನು ವಾರಪತ್ರಿಕೆಯೊಂದರಲ್ಲಿ ಕೆಲಸ ಕಲಿಯುತ್ತಿದ್ದಾಗ ಹಿರಿಯ ಉಪಸಂಪಾದಕರೊಬ್ಬರು ‘ಎನ್ನಲಾಗಿದೆ’ ಕಂಡಲ್ಲೆಲ್ಲ ಕೆಂಪು ಶಾಯಿಯಲ್ಲಿ ‘ಯಾರು? ಯಾವಾಗ?’ ಎಂದು ಬರೆದು ಹಾಳೆಯನ್ನು ಮೇಜಿನಾಚೆಗೆ ತಳ್ಳುತ್ತಿದ್ದರು. ಮಾತಿಲ್ಲ, ಕತೆಯಿಲ್ಲ. ಆಕ್ಸ್‌ಫರ್ಡ್ ನಿಘಂಟು ನಿಂತಿರುವುದೂ ಅವೇ ಪ್ರಶ್ನೆಗಳ ಮೇಲೆ. 1879ರಲ್ಲಿ ಅದರ ಸಂಪಾದಕ ಜೇಮ್ಸ್ ಮರ್ರೆ ಓದುಗರಿಗೆ ಕರೆ ಕೊಟ್ಟರು. ಪದ, ಅದು ಬಂದ ವಾಕ್ಯ, ಪುಸ್ತಕ, ಇಸವಿ ಬರೆದ ಚೀಟಿಗಳು ಲಕ್ಷಗಟ್ಟಲೆ ಬಂದು ಬಿದ್ದವು. ಕೆಲಸ ಮುಗಿದದ್ದು 1928ರಲ್ಲಿ, ಮರ್ರೆ ತೀರಿಕೊಂಡು 13 ವರ್ಷಗಳಾದ ಮೇಲೆ.

ನನಗೆ ಹೊಟ್ಟೆ ಉರಿದದ್ದು ಇನ್ನೊಂದು ಕಾರಣಕ್ಕೆ. ಒಳ್ಳೆಯ ಸರಕು ಕೈಯಲ್ಲಿದ್ದೂ ‘ನೈಸ್’ ಪದಕ್ಕೆ ಒಂದೇ ಸಾಲು ಕೊಟ್ಟಿದ್ದೀರಿ. ಲ್ಯಾಟಿನ್ನಿನ ‘ನೆಸ್ಕಿಯಸ್’ ಅಂದರೆ ಏನೂ ಅರಿಯದವ. ಹಳೆಯ ಫ್ರೆಂಚನ್ನು ಹಾದು ಇಂಗ್ಲಿಷಿಗೆ ಬಂದಾಗ ಅದು ‘ದಡ್ಡ’. ಬರುಬರುತ್ತ ಅತಿ ನಾಜೂಕಿನವ, ಮತ್ತೆ ಸೂಕ್ಷ್ಮ, 18ನೇ ಶತಮಾನದ ಹೊತ್ತಿಗೆ ಹಿತವಾದದ್ದು. ಬೈಗುಳ ಹೊಗಳಿಕೆಯಾಗಲು ನಾನೂರಕ್ಕೂ ಹೆಚ್ಚು ವರ್ಷ ಹಿಡಿಯಿತು. ಪ್ರತಿ ತಿರುವಿಗೂ ಒಂದು ಹಳೆಯ ವಾಕ್ಯ, ಒಂದು ಇಸವಿ ಹುಡುಕಿ ಇದೊಂದನ್ನೇ ಬರೆಯಿರಿ. ಎರಡು ಪುಟ ಸಾಕು, ಜಾಗ ಕಾಯ್ದಿರಿಸುತ್ತೇನೆ. ‘ಟಿಪ್’ ಪ್ಯಾರಾ ಮಾತ್ರ ಮತ್ತೆ ಕಳಿಸಬೇಡಿ.

— ಸಂಪಾದಕ