ನೀರಿಗೆ ಅಂಜುವ ಹಾಳೆ

ಓದುಗರ ಪತ್ರ: ಪಿಷ್ಟದಿಂದಲೂ ಹಾಲಿನ ಪ್ರೋಟೀನಿನಿಂದಲೂ ಮಾಡಿದ ಪ್ಯಾಕಿಂಗ್ ಹಾಳೆಗಳನ್ನು ಕಳೆದ ಸಂಚಿಕೆಯಲ್ಲಿ ಹೊಗಳಿದ್ದೀರಿ. ತೇವ ತಗುಲಿದರೆ ಮೆತ್ತಗಾಗುವ ಹಾಳೆ ಆಹಾರವನ್ನು ಕಾಯುವುದು ಹೇಗೆ? ‘ಮಣ್ಣಿನಲ್ಲಿ ಕರಗಿಹೋಗುತ್ತದೆ’ ಎಂದಿದ್ದೀರಿ. ಎಂಥ ಮಣ್ಣಿನಲ್ಲಿ, ಎಷ್ಟು ದಿನಕ್ಕೆ?

ಸಂಪಾದಕರ ಉತ್ತರ:

ಎರಡನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಅಲ್ಲಿ ತಪ್ಪು ನಮ್ಮದು. ಅಷ್ಟು ದೊಡ್ಡ ವಿಷಯವನ್ನು ಒಂದು ಮಾತಿನಲ್ಲಿ ಮುಗಿಸಬಾರದಿತ್ತು. ಐರೋಪ್ಯ ಮಾನದಂಡ ಇಎನ್ 13432ರ ಪ್ರಕಾರ, ಗೊಬ್ಬರವಾಗಬಲ್ಲ ಪ್ಯಾಕಿಂಗ್ ಆರು ತಿಂಗಳೊಳಗೆ ಶೇ 90ರಷ್ಟು ಜೈವಿಕವಾಗಿ ವಿಘಟನೆಯಾಗಬೇಕು. 12 ವಾರಗಳ ಬಳಿಕ ಜರಡಿ ಹಿಡಿದಾಗ 2 ಮಿಲಿಮೀಟರಿಗಿಂತ ದೊಡ್ಡ ಚೂರುಗಳು ಶೇ 10ನ್ನು ಮೀರಬಾರದು. ಈ ವಿಘಟನೆಯನ್ನು ಅಳೆಯುವುದು ಸುಮಾರು 58 ಡಿಗ್ರಿ ಸೆಲ್ಸಿಯಸ್ ಶಾಖದ ಗೊಬ್ಬರದ ರಾಶಿಯಲ್ಲಿ. ಪಾಲಿಲ್ಯಾಕ್ಟಿಕ್ ಆಮ್ಲ ಎಂಬ ಸಸ್ಯಮೂಲದ ಪ್ಲಾಸ್ಟಿಕ್‌ನ ಹಾಳೆಯನ್ನು ತಣ್ಣನೆಯ ಮಣ್ಣಿನಲ್ಲಿ ಹೂತರೆ ಅದು ವರ್ಷಗಟ್ಟಲೆ ಹಾಗೆಯೇ ಉಳಿಯಬಲ್ಲದು. ಪಿಷ್ಟ, ಜೆಲಟಿನ್, ಕೇಸಿನ್ (ಹಾಲಿನ ಪ್ರೋಟೀನ್) ಹಾಳೆಗಳಿಗೆ ಅಷ್ಟು ಶಾಖ ಬೇಕಿಲ್ಲ, ಸೂಕ್ಷ್ಮಜೀವಿಗಳಿಗೆ ಅವು ಆಹಾರವೇ.

ಇನ್ನು ನೀರಿನ ಮಾತು. ಇಡೀ ಸಂಶೋಧನೆಯ ತಿರುಳು ಇರುವುದು ಇಲ್ಲಿಯೇ. ಪ್ರೋಟೀನಿನ ಸರಪಳಿಗಳು ಹೈಡ್ರೋಜನ್ ಬಂಧಗಳಿಂದ ಒಂದನ್ನೊಂದು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಹಾಗಾಗಿ ಒಣ ಹವೆಯಲ್ಲಿ ಅವು ಆಮ್ಲಜನಕವನ್ನು ತಡೆಯುವುದರಲ್ಲಿ ಪಾಲಿಥಿನ್ ಅನ್ನು ಮೀರಿಸುತ್ತವೆ. ಎಣ್ಣೆಯಂಶದ ತಿನಿಸು ಕಮಟು ಹಿಡಿಯುವುದು ಆಮ್ಲಜನಕದಿಂದ ಎಂಬುದನ್ನು ನೆನೆದರೆ ಈ ಗುಣದ ಬೆಲೆ ತಿಳಿಯುತ್ತದೆ. ಆದರೆ ಸರಪಳಿಗಳನ್ನು ಬೆಸೆಯುವ ಗುಂಪುಗಳೇ ನೀರನ್ನೂ ಕರೆಯುತ್ತವೆ. ನೀರಿನ ಅಣುಗಳು ನಡುವೆ ನುಸುಳಿದರೆ ಹಿಡಿತ ಸಡಿಲ, ಆಮ್ಲಜನಕಕ್ಕೆ ದಾರಿ ಸಲೀಸು. ಪಾಲಿಥಿನ್‌ನ ಸ್ವಭಾವ ತಿರುವುಮುರುವು: ನೀರಾವಿಗೆ ಗೋಡೆ, ಆಮ್ಲಜನಕಕ್ಕೆ ಜಾಲರಿ.

ಒಣಗಿದ ಹಾಳೆ ಮಡಿಸಿದರೆ ಮುರಿಯುತ್ತದೆಂದು ಗ್ಲಿಸರಾಲ್ ಎಂಬ ಮಂದ ದ್ರವವನ್ನು ಬೆರೆಸುತ್ತಾರೆ. ಬಾಗುವ ಗುಣ ಬರುತ್ತದೆ, ಜೊತೆಗೆ ತೇವದ ಹಂಬಲವೂ ಹೆಚ್ಚುತ್ತದೆ. ಪಿಷ್ಟದ ಹಾಳೆಯಂತೂ ಇಟ್ಟಷ್ಟು ದಿನವೂ ತಾನಾಗಿ ಬಿರುಸಾಗುತ್ತಾ ಹೋಗುತ್ತದೆ.

ನೀರನ್ನು ದೂರವಿಡುವ ದಾರಿಗಳಿಲ್ಲವೆಂದಲ್ಲ. ಮೆಕ್ಕೆಜೋಳದ ಝೀನ್ ಎಂಬ ಪ್ರೋಟೀನ್ ನೀರಿನಲ್ಲಿ ಕರಗದು, ನೀರು ಬೆರೆತ ಆಲ್ಕೋಹಾಲ್‌ನಲ್ಲಿ ಕರಗುತ್ತದೆ. ಸೀಗಡಿ, ಏಡಿಗಳ ಚಿಪ್ಪಿನಿಂದ ಬರುವ ಕೈಟೋಸಾನ್‌ಗೆ ಕರಗಲು ಆಮ್ಲ ಬೆರೆತ ನೀರೇ ಬೇಕು, ಬ್ಯಾಕ್ಟೀರಿಯಾಗಳನ್ನೂ ಅದು ಹತ್ತಿಕ್ಕುತ್ತದೆ. ನನಗೆ ಪದೇ ಪದೇ ನೆನಪಾಗುವುದು ಸೆಲ್ಲೋಫೇನ್. ಸ್ವಿಸ್ ರಸಾಯನಶಾಸ್ತ್ರಜ್ಞ ಜಾಕ್ವೆಸ್ ಬ್ರ್ಯಾಂಡನ್‌ಬರ್ಗರ್ 1908ರಲ್ಲಿ ರೂಪಿಸಿದ ಆ ಸೆಲ್ಯುಲೋಸ್ ಹಾಳೆ ನೀರಾವಿಯನ್ನು ತಡೆಯುತ್ತಿರಲಿಲ್ಲ. 1927ರಲ್ಲಿ ಡುಪಾಂಟ್ ಕಂಪನಿಯ ವಿಲಿಯಂ ಹೇಲ್ ಚಾರ್ಚ್ ತೆಳುವಾದ ಲೇಪವೊಂದನ್ನು ಕಂಡುಹಿಡಿದ ಮೇಲೆಯೇ ಅದು ಆಹಾರದ ಹೊದಿಕೆಯಾಗಿ ಬೆಳೆದದ್ದು. ಹಾಳೆಯನ್ನೇ ಬದಲಿಸಲಿಲ್ಲ, ಅದಕ್ಕೊಂದು ಜೊತೆ ಕೊಟ್ಟರು.

ಜೊತೆ ಯಾವುದೆಂಬುದೂ ಮುಖ್ಯ. 1897ರಲ್ಲಿ ಕೇಸಿನ್‌ಗೆ ಫಾರ್ಮಾಲ್ಡಿಹೈಡ್ ಎಂಬ ವಿಷಕಾರಿ ರಾಸಾಯನಿಕ ಸೇರಿಸಿ ಗ್ಯಾಲಲಿತ್ ಎಂಬ ಗಟ್ಟಿ ಪ್ಲಾಸ್ಟಿಕ್ ಮಾಡಿದರು, ಅಂಗಿಗಳ ಗುಂಡಿಗಳಿಗೆ ಅದು ಒದಗಿತು. ಆ ವಿಷವನ್ನು ಆಹಾರದ ಬಳಿ ತರಲಾಗದು. ಸರಪಳಿಗಳನ್ನು ಹೆಚ್ಚು ಹೆಚ್ಚು ಬೆಸೆದಂತೆ ನೀರಿನೊಂದಿಗೆ ಸೂಕ್ಷ್ಮಜೀವಿಯೂ ಹೊರಗೆ ನಿಲ್ಲುತ್ತದೆ, ಕೊಳೆಯುವುದು ತಡವಾಗುತ್ತದೆ. ಆದ್ದರಿಂದ ಈ ಹಾಳೆಗಳನ್ನು ಪಾಲಿಥಿನ್‌ನ ಪಡಿಯಚ್ಚಾಗಿಸುವ ಹಟವನ್ನು ನಾನು ಒಪ್ಪುವುದಿಲ್ಲ. ಒಣ ಪದಾರ್ಥಗಳಿಗೆ, ಬೇಗ ಬಳಸಿ ಮುಗಿಸುವುದಕ್ಕೆ, ಕಾಗದದ ಒಳಲೇಪಕ್ಕೆ ಅವು ಇಂದೇ ಹೊಂದುತ್ತವೆ.

ಮುಂದೆ ನಮ್ಮಲ್ಲಿ ಇಂಥ ಲೇಖನ ಬಂದಾಗ ಹಾಳೆಯ ದಪ್ಪ, ಅಳೆದಾಗಿನ ತೇವಾಂಶ, ಕೊಳೆಸಿದ ರಾಶಿಯ ಶಾಖ, ಈ ಮೂರನ್ನೂ ಕೇಳಿ ಪಡೆದೇ ಅಚ್ಚಿಗೆ ಕಳುಹಿಸುತ್ತೇವೆ.